ಕನ್ನಡಿಯ ಮೇಲಿನ ಮೀಸೆ

ಬುರುಡೆ ಅಂದರೆ ತಲೆ. ಬುರುಡೆ ಅಂದರೆ ಕೈಕಾಲಿಲ್ಲದ ಸುಳ್ಳು ಕತೆಯೂ ಹೌದು. ಆ ಬೀದಿಯ ಕಟಿಂಗ್ ಅಂಗಡಿಯವನು ಎರಡರಲ್ಲೂ ಪಳಗಿದವನು. ಒಂದು ಬುರುಡೆಯನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ಬಾಯಲ್ಲಿ ಬಿಡುತ್ತಿದ್ದ. ಗಿರಾಕಿಯೊಬ್ಬನ ಪೊದೆಗೂದಲಲ್ಲಿ ಕಳೆದುಹೋದ ಬಾಚಣಿಗೆ ಆರು ತಿಂಗಳ ಮೇಲೆ ಸಿಕ್ಕಿತೆಂದೂ, ಅಷ್ಟರಲ್ಲಿ ಅದಕ್ಕೆ ಎರಡು ಮರಿ ಬಾಚಣಿಗೆ ಹುಟ್ಟಿದ್ದವೆಂದೂ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಬಲ್ಲವನು. ಹೀಗಾಗಿ ಹೆತ್ತವರು ಇಟ್ಟ ಹೆಸರು ಯಾವತ್ತೋ ನೆಲದ ಕೂದಲಿನ ಜೊತೆ ಗುಡಿಸಿಹೋಗಿ, ಬುರುಡೆ ಎಂಬುದೇ ಉಳಿದುಕೊಂಡಿತ್ತು.

ಅಂಥವನ ಬಾಯಿ ಒಂದು ಗುರುವಾರ ಸಂಜೆ ಇದ್ದಕ್ಕಿದ್ದಂತೆ ಕಟ್ಟಿಹೋಯಿತು.

ಕುರ್ಚಿಯಲ್ಲಿ ಗಿರಾಕಿ ಕೂತಿದ್ದ, ಕತ್ತಿನ ಸುತ್ತ ಬಟ್ಟೆ ಕಟ್ಟಿ ಆಗಿತ್ತು. ಆಗ ಆರೋಗ್ಯ ಕೇಂದ್ರದ ಹುಡುಗಿಯೊಬ್ಬಳು ದಪ್ಪ ಪುಸ್ತಕ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು.

"ಮಹಡಿ ಮೇಲಿನ ಟೈಲರಮ್ಮನ ಮಗಳಿಗೆ ದಡಾರ. ಕಿವಿ ಹಿಂದಿಂದ ಶುರುವಾಗಿ ಮುಖ ತುಂಬ ಎದ್ದಿದೆ. ನಿಮ್ಮನೇಲಿ ಸಣ್ ಮಕ್ಕಳಿದಾವಾ?"

ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ ಅಷ್ಟೆ. ಪರದೆ ಸರಿಸಿಕೊಂಡು ಬುರುಡೆಯ ಮಗಳು ಹೊರಗೆ ಬಂದಳು. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಅವಳದು. ಗಂಡ ಲಾರಿ ಡ್ರೈವರ್, ತಿಂಗಳಿಗೊಮ್ಮೆ ಮುಖ ತೋರಿಸುವವನು. ಸೊಂಟದ ಮೇಲೆ ಹತ್ತು ತಿಂಗಳ ಮಗು. ಅತ್ತರೆ ಹಣೆಯಿಂದ ಗಲ್ಲದವರೆಗೆ ಕೆಂಪಗಾಗುತ್ತಿದ್ದುದರಿಂದ ಅದಕ್ಕೆ ಮೆಣಸಿ ಅಂತ ಅಜ್ಜನೇ ಹೆಸರಿಟ್ಟಿದ್ದ.

"ಇದೊಂದಿದೆ," ಅಂದಳು ಮಗಳು. "ಆದ್ರೆ ಇವಳಿಗೆ ಸೂಜಿ ಹಾಕಿಸಿ ಆಗಿದೆ. ಒಂಬತ್ತು ತಿಂಗಳು ತುಂಬಿದ ವಾರಾನೇ ಅಪ್ಪ ಕರ್ಕೊಂಡ್ ಹೋಗಿದ್ದ."

"ಕಾರ್ಡ್ ತೋರ್ಸಿ."

ಮೊಳೆಗೆ ನೇತುಹಾಕಿದ್ದ ಚೀಲದಿಂದ ಕಾರ್ಡು ಬಂತು. ಹುಡುಗಿಗೆ ಇನ್ನೂ ಹತ್ತು ಮನೆ ಬಾಕಿ ಇತ್ತು. ಒಂದು ಸಲ ಕಣ್ಣಾಡಿಸಿ, "ಹ್ಞಾ, ರುಜು ಇದೆ," ಅಂತ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. "ಹಾಕಿಸದೇ ಇರೋ ಮಕ್ಕಳು ಯಾರಾದ್ರೂ ಗೊತ್ತಿದ್ರೆ ಹೇಳಿ. ಕಾಯಿಲೆ ಮಗು ಹತ್ರ ಹೋಗಿ ಮೂರು ದಿನದೊಳಗೆ ಸೂಜಿ ಬಿದ್ರೆ ತಡೀಬಹುದು. ಮೂರು ದಿನ ದಾಟಿದ್ರೆ ಸೂಜಿಯಿಂದ ಆ ಕೆಲಸ ಆಗೋದು ಕಷ್ಟ."

ಅವಳು ಹೋದಳು. ಗಿರಾಕಿ ಕನ್ನಡಿಯೊಳಗಿಂದ ನಕ್ಕ. "ಏನ್ ಬುರುಡಣ್ಣ, ಅಷ್ಟು ಚೆನ್ನಾಗಿರೋ ಹುಡುಗಿ ಬಂದ್ರೂ ಒಂದು ಕತೆ ಬಿಡ್ಲಿಲ್ವಲ್ಲ?"

ಬುರುಡೆ ಬೆರಳು ಮಡಚುತ್ತಿದ್ದ. ಮಂಗಳವಾರ. ಬುಧವಾರ. ಗುರುವಾರ.

ಟೈಲರಮ್ಮನ ಮಗಳಿಗೆ ಮೂರು ವರ್ಷ. ಅಂಗಿಯ ಗುಂಡಿಯಷ್ಟೇ ಇದ್ದಾಳೆ ಅಂತ ಎಲ್ಲರೂ ಗುಂಡಿ ಅನ್ನುತ್ತಿದ್ದರು. ಹದಿನೈದು ದಿನ ದೊಡ್ಡಮ್ಮನ ಮನೆಯಲ್ಲಿದ್ದು ಮಂಗಳವಾರವೇ ವಾಪಸು ಬಂದಿದ್ದಳು. ಮೂಗು ಸೋರುತ್ತಿತ್ತು, ಕಣ್ಣು ಕೆಂಪಗಿತ್ತು, ಬೆಳಕು ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಬಸ್ಸಿನ ಧೂಳು ಅಂದರು ಎಲ್ಲ. ಅವತ್ತು ಕಾರ್ಖಾನೆಗೆ ರಜೆ. ಎರಡೂ ಮಕ್ಕಳು ಇದೇ ಅಂಗಡಿಯ ನೆಲದ ಮೇಲೆ ಆಡಿದ್ದವು. ಗುಂಡಿ ತಾನು ಚೀಪಿದ ಬಿಸ್ಕತ್ತನ್ನು ಮೆಣಸಿಯ ಬಾಯಿಗಿಟ್ಟಿದ್ದಳು. ಬುರುಡೆ ಅದನ್ನು ನೋಡಿ ಚಪ್ಪಾಳೆ ತಟ್ಟಿ ನಕ್ಕಿದ್ದ. ಆಗ ಮೂಲೆಯ ಶಾಲೆಯಲ್ಲಿ ನಾಲ್ಕರ ಗಂಟೆ ಹೊಡೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಹಾಗಾದರೆ ಮೂರು ದಿನ ಮುಗಿಯುವುದು ನಾಳೆ ನಾಲ್ಕು ಗಂಟೆಗೆ.

ಯಾಕೆಂದರೆ ಕಾರ್ಡಿನಲ್ಲಿದ್ದ ಆ ರುಜು ನರ್ಸಮ್ಮನದಲ್ಲ. ಬುರುಡೆಯದು.

ಅದರ ಬೇರು ಹುಡುಕಿದರೆ ಒಂದು ಬುರುಡೆಯಲ್ಲೇ ಸಿಗುತ್ತದೆ. ಎರಡು ವರ್ಷದ ಹಿಂದೆ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಇದ್ದೊಬ್ಬನನ್ನಾದರೂ ನಗಿಸೋಣ ಅಂತ ಅವನು ಒಂದು ಕತೆ ಕಟ್ಟಿದ್ದ. ದಡಾರದ ಸೂಜಿ ಹಾಕಿಸಿಕೊಂಡ ಮಗುವೊಂದಕ್ಕೆ ಕತ್ತು ಉದ್ದ ಆಗುತ್ತಾ ಆಗುತ್ತಾ, ತೊಟ್ಟಿಲಲ್ಲಿ ಮಲಗಿಕೊಂಡೇ ಪಕ್ಕದ ಮನೆಯ ಅಡುಗೆ ಏನು ಅಂತ ಗೋಡೆ ಮೇಲಿಂದ ಇಣುಕಿ ನೋಡುತ್ತಿತ್ತಂತೆ. ಗಿರಾಕಿ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದ. ಮೇಲೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ಟೈಲರಮ್ಮನೂ ನಕ್ಕಿದ್ದು ಕೇಳಿಸಿತ್ತು. ಕತೆ ಅಂಗಡಿಯಿಂದ ಹೊರಗೆ ಹೋಯಿತು, ಊರೆಲ್ಲ ಸುತ್ತಿತು, ದಾರಿಯಲ್ಲಿ ನಗು ಕಳೆದುಕೊಂಡಿತು. ಕಳೆದ ತಿಂಗಳು ಗೊತ್ತಿಲ್ಲದ ಗಿರಾಕಿಯೊಬ್ಬ ಅದನ್ನೇ ಹೊತ್ತು ತಂದ. ಈಗ ಅದರಲ್ಲಿ ಕತ್ತು ಉದ್ದವಾಗುವುದಿರಲಿಲ್ಲ, ಕತ್ತು ಸೊಟ್ಟವಾಗುವುದಿತ್ತು. ಮಗು ಯಾವ ಬೀದಿಯದು, ತಾಯಿಗೆ ಏನು ಕೆಲಸ ಅನ್ನುವುದೂ ಸೇರಿಕೊಂಡಿತ್ತು. "ನನ್ನ ಭಾವಮೈದುನ ಕಣ್ಣಾರೆ ನೋಡಿದಾನೆ," ಅಂದಿದ್ದ ಅವನು, ಒಂದಿಷ್ಟೂ ನಗದೆ.

ಅದಾದ ಎರಡೇ ದಿನಕ್ಕೆ ಮೆಣಸಿಯ ಸರದಿ. ಆಗಿನ್ನೂ ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಶುರುವಾಗಿರಲಿಲ್ಲ, ಮಗು ಹಗಲೆಲ್ಲ ಅಜ್ಜನ ಹತ್ತಿರವೇ ಇರುತ್ತಿತ್ತು. ಬುರುಡೆ ಅದನ್ನೆತ್ತಿಕೊಂಡು ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತ. ಏಳನೇ ಚೀಟಿ. ಒಳಗಿಂದ ಒಂದೊಂದೇ ಮಗು ಚೀರುತ್ತಿತ್ತು. ದಿನಕ್ಕೆ ಇಪ್ಪತ್ತು ಗಂಟಲ ಮೇಲೆ ಕತ್ತಿ ಆಡಿಸುವ ಮನುಷ್ಯನಿಗೆ ಅಂಗೈ ಬೆವರಿತು. ಮೊಮ್ಮಗಳ ಕತ್ತು ನೋಡಿದ. ಹಾಲುಗೆನೆಯಂಥ ಕತ್ತು, ಮಡಿಕೆ ಮಡಿಕೆ. ಕತೆ ನನ್ನದೇ ಅಂತ ತನಗೆ ತಾನೇ ಹೇಳಿಕೊಂಡ. ಹೌದಪ್ಪಾ, ಆದರೆ ಭಾವಮೈದುನ ಕಣ್ಣಾರೆ ನೋಡಿದ್ದಾನಲ್ಲ! ಆರನೇ ಚೀಟಿ ಕರೆದಾಗ ಎದ್ದು ಮನೆ ದಾರಿ ಹಿಡಿದ. ತಾನು ಬಿಟ್ಟ ಬುರುಡೆ ತನ್ನ ಕೊರಳಿಗೇ ಬಿದ್ದಿತ್ತು.

ಅಂಗಡಿಯಲ್ಲಿ ಕತ್ತಿ ತಗುಲಿದವರಿಗೆಂದು ಇಟ್ಟಿದ್ದ ಹತ್ತಿ, ಪ್ಲಾಸ್ಟರು ತೆಗೆದು ಮಗುವಿನ ತೊಡೆಗೆ ಅಂಟಿಸಿದ. ಕಾರ್ಡಿನ ಖಾಲಿ ಮನೆಯಲ್ಲಿ ಏನಾದರೂ ಬೇಕಲ್ಲ. ಅವನಿಗೆ ಅಕ್ಷರ ಬಾರದು, ಬರುವುದು ಮೀಸೆ ತಿದ್ದುವುದೊಂದೇ. ನರ್ಸಮ್ಮನ ರುಜು ಒಂದು ಸುರುಳಿಯ ಹಾಗಿತ್ತು. ಅವನೂ ಪೆನ್ನು ಹಿಡಿದು ಒಂದು ಮೀಸೆ ಬರೆದ, ತುದಿ ತಿರುವಿದ. ಸಂಜೆ ಮಗಳು ಬಂದಾಗ, ಸೂಜಿ ಚುಚ್ಚಿದರೆ ಮೊಮ್ಮಗಳು ಅಳುವುದಿರಲಿ, "ಇಷ್ಟೇನಾ?" ಅನ್ನೋ ಹಾಗೆ ನರ್ಸಮ್ಮನನ್ನೇ ಗುರಾಯಿಸಿದಳು, ಸೂಜಿಯೇ ನಾಚಿ ಬಗ್ಗಿಹೋಯಿತು ಅಂತ ಹೇಳಿದ. ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು.

ಆ ಗುರುವಾರ ರಾತ್ರಿ ಬುರುಡೆ ಮಗಳನ್ನು ಎಬ್ಬಿಸಿ ಹೇಳಿಬಿಡೋಣ ಅಂತ ಮೂರು ಸಲ ಎದ್ದು, ಮೂರು ಸಲವೂ ಮತ್ತೆ ಮಲಗಿದ. ಶುಕ್ರವಾರ ಬೆಳಗ್ಗೆ ಏಳಕ್ಕೆ ಮೆಟ್ಟಿಲ ಮೇಲೆ ಧಡಧಡ ಸದ್ದು. ಟೈಲರಮ್ಮ ಗುಂಡಿಯನ್ನು ಎದೆಗವಚಿಕೊಂಡು ಇಳಿಯುತ್ತಿದ್ದಳು. ಹೊದಿಕೆಯಿಂದ ಹೊರಗೆ ಕಂಡ ಮುಖ ಮುಖದಂತಿರಲಿಲ್ಲ, ಚುಕ್ಕೆಗೆ ಚುಕ್ಕೆ ಕೂಡಿ ಒಂದೇ ಕೆಂಪು ಹಲಗೆಯಾಗಿತ್ತು. ಒಂದೊಂದು ಉಸಿರಿಗೂ ಪಕ್ಕೆ ಒಳಗೆ ಹೋಗುತ್ತಿತ್ತು. ಕಮ್ಮಾರನ ತೂತು ಬಿದ್ದ ತಿದಿಯ ಸದ್ದು.

"ದೊಡ್ಡಾಸ್ಪತ್ರೆಗೆ ಹೊರಟೆ ಬುರುಡಣ್ಣ," ಅಂದಳು. "ಎದೆಗಿಳಿದಿದೆಯಂತೆ." ಎರಡು ಮೆಟ್ಟಿಲು ಇಳಿದು ನಿಂತಳು. "ಅವತ್ತು ನಿನ್ ಕತೆ ಕೇಳಿ ನಕ್ಕೆ ನೋಡು. ನಗು ನಗ್ತಾನೇ ಯಾಕೋ ಮುಂದಿನ್ ತಿಂಗಳು ಹಾಕ್ಸಿದ್ರಾಯ್ತು ಅನ್ನಿಸ್ತು. ಆ ಮುಂದಿನ್ ತಿಂಗಳು ಬರ್ಲೇ ಇಲ್ಲ."

ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಆಟೋ ಹೊರಟುಹೋಯಿತು.

ಬುರುಡೆ ಒಳಗೆ ಬಂದ. ಮಗಳು ಮೆಣಸಿಯ ಬಟ್ಟೆ, ಹಾಲಿನ ಬಾಟಲಿ ಚೀಲಕ್ಕೆ ತುಂಬುತ್ತಿದ್ದಳು. ಏಳೂವರೆಗೆ ಕಾರ್ಖಾನೆಯ ವ್ಯಾನು. ಈಗೀಗ ಮಗುವೂ ಅವಳ ಜೊತೆಗೇ ಹೋಗುತ್ತಿತ್ತು. ವ್ಯಾನು ಹತ್ತಿದರೆ ಮತ್ತೆ ಸಂಜೆ ಆರಕ್ಕೇ ಮನೆ. ಅಲ್ಲಿ ಇನ್ನೂ ಹನ್ನೆರಡು ಮಕ್ಕಳು.

"ಹೋಗ್ಬೇಡ," ಅಂದ.

"ಯಾಕೆ?"

"ಮೆಣಸಿಗೆ ಸೂಜಿ ಹಾಕ್ಸಿಲ್ಲ ನಾನು."

ಮಗಳು ಚೀಲದ ಬಾಯಿ ಕಟ್ಟುತ್ತಲೇ ನಕ್ಕಳು. "ಬೆಳಬೆಳಗ್ಗೇನೇ ಶುರು ಹಚ್ಕೊಂಡ್ಯಾ? ಆ ಮಗು ಹಂಗೆ ಒದ್ದಾಡ್ಕೊಂಡು ಆಸ್ಪತ್ರೆಗೆ ಹೋಗಿದೆ, ನಿಂಗೆ ತಮಾಷೆ."

"ತಮಾಷೆ ಅಲ್ಲ ಕಣಮ್ಮ. ಬೆಂಚಲ್ಲಿ ಕೂತು ಎದ್ದು ಬಂದ್ಬಿಟ್ಟೆ. ಆ ಪ್ಲಾಸ್ಟರ್ ಅಂಗಡೀದು."

"ಹ್ಞೂ ಹ್ಞೂ. ಮತ್ತೆ ಸೂಜಿ ನಾಚ್ಕೊಂಡು ಬಗ್ಗಿದ್ದು?"

"ಅದೂ ಸುಳ್ಳು."

"ಅದು ಸುಳ್ಳು ಅಂತ ನಂಗೂ ಗೊತ್ತಪ್ಪ!" ಅವಳಿಗೆ ರೇಗಿತು. "ಕಾರ್ಡಲ್ಲಿ ರುಜು ಇದೆ. ನಿನ್ನೆ ಆ ಹುಡುಗೀನೇ ನೋಡಿದ್ಲು."

"ಆ ರುಜು ನಾನೇ ಹಾಕಿದ್ದು."

"ನೀನು?" ಅವಳು ಈಗ ನಿಜವಾಗಿಯೂ ನಕ್ಕುಬಿಟ್ಟಳು. "ಸ್ವಂತ ಹೆಸ್ರು ಬರೆಯೋಕೆ ಹೆಬ್ಬೆಟ್ಟು ಒತ್ತೋನು, ನರ್ಸಮ್ಮನ ರುಜು ಹಾಕಿದ್ಯಾ? ಬುರುಡೆ ಬಿಟ್ರೂ ಒಂದು ಲೆಕ್ಕ ಇರ್ಬೇಕು. ಹೆದ್ರಿದೀಯ ನೀನು, ಗುಂಡಿನ್ ನೋಡಿ. ಸಂಜೆ ಬೇಗ ಬರ್ತೀನಿ, ಹೋಗು ಕಾಫಿ ಕುಡಿ."

ಬೀದಿಯ ತುದಿಯಲ್ಲಿ ವ್ಯಾನಿನ ಹಾರನ್ನು ಕೂಗಿತು. ಒಂದು ಸಲ.

ಬುರುಡೆ ನಲವತ್ತು ವರ್ಷ ಸುಳ್ಳನ್ನು ನಿಜದ ಹಾಗೆ ಹೇಳುವುದನ್ನು ಕಲಿತಿದ್ದ, ನಿಜವನ್ನು ನಿಜದ ಹಾಗೆ ಹೇಳುವುದು ಹೇಗೆಂದು ಒಂದು ದಿನವೂ ಕಲಿತಿರಲಿಲ್ಲ. ಎದೆ ಬಡಿದುಕೊಂಡರೂ ನಾಟಕ, ಆಣೆ ಇಟ್ಟರೂ ನಾಟಕ. ಅವನ ಬಾಯಿಂದ ಬಂದದ್ದೆಲ್ಲ ಬುರುಡೆಯೇ. ಮೆಣಸಿ ತಾಯಿಯ ಹೆಗಲ ಮೇಲಿಂದ ಅವನನ್ನು ನೋಡಿ ಎರಡು ಹಲ್ಲು ತೋರಿಸಿತು.

ಹಾರನ್ನು ಎರಡನೇ ಸಲ ಕೂಗಿತು. ಮಗಳು ಚಪ್ಪಲಿ ಮೆಟ್ಟಿದಳು.

ಬುರುಡೆ ಬಾಯಿ ಮುಚ್ಚಿದ. ನೊರೆಯ ಬಟ್ಟಲಿಗೆ ಬೆರಳದ್ದಿ ದೊಡ್ಡ ಕನ್ನಡಿಯ ಮುಂದೆ ನಿಂತು ಒಂದು ಗೆರೆ ಎಳೆದ. ಎಡಗಡೆ ಸಣ್ಣ ಸುಳಿ, ನಡುವೆ ಒಂದು ತಗ್ಗು, ಬಲಗಡೆ ಉದ್ದ ಬಾಲ, ತುದಿಯಲ್ಲಿ ಮೇಲಕ್ಕೊಂದು ತಿರುವು. ಮೊಳೆಯ ಚೀಲದಿಂದ ಕಾರ್ಡು ತೆಗೆದು ಪಕ್ಕದಲ್ಲೇ ಹಿಡಿದ.

ಮಗಳು ಬಾಗಿಲಲ್ಲಿ ತಿರುಗಿ ನೋಡಿದಳು. ಕನ್ನಡಿ ನೋಡಿದಳು. ಕಾರ್ಡು ನೋಡಿದಳು. ಮತ್ತೆ ಕನ್ನಡಿ. ಅದೇ ಸುಳಿ, ಅದೇ ತಗ್ಗು, ಅದೇ ತಿರುವು. ಕಾರ್ಡಿನ ಮೇಲುಗಡೆ ಬೇರೆ ಸೂಜಿಗಳ ಮುಂದೆ ನರ್ಸಮ್ಮನ ರುಜುಗಳಿದ್ದವು. ಒಂದರಲ್ಲೂ ಆ ತಿರುವು ಇರಲಿಲ್ಲ.

ನೊರೆ ಕನ್ನಡಿಯ ಮೇಲೆ ನಿಧಾನಕ್ಕೆ ಕೆಳಗೆ ಇಳಿಯಿತು. ಅವಳ ಮುಖದ ಬಣ್ಣವೂ ಹಾಗೇ ಇಳಿಯಿತು.

"ಅಪ್ಪ," ಅಂದಳು. ಹಾರನ್ನು ಮೂರನೇ ಸಲ ಕೂಗಿ ವ್ಯಾನು ಹೋದಾಗ, ಅವಳು ಮಗುವನ್ನು ಅವಚಿಕೊಂಡು ಬೀದಿಯಲ್ಲಿ ಓಡುತ್ತಿದ್ದಳು. ಹಿಂದೆ ಬುರುಡೆ, ಕೈಯಲ್ಲಿ ಕಾರ್ಡು, ಬೆರಳಲ್ಲಿ ನೊರೆ.

ಆರೋಗ್ಯ ಕೇಂದ್ರದ ಬಾಗಿಲು ತೆಗೆಯುವುದು ಒಂಬತ್ತಕ್ಕೆ. ಒಂದೂವರೆ ಗಂಟೆ ಮೆಟ್ಟಿಲ ಮೇಲೆ ಕೂತರು. ಮಗಳು ಮೇಲಿನ ಮೆಟ್ಟಿಲು, ಅಪ್ಪ ಕೆಳಗಿನದು. ಮೆಣಸಿ ಒಂದು ಸಲ ಸೀನಿತು. ಇಬ್ಬರೂ ಬೆಚ್ಚಿಬಿದ್ದರು.

ನರ್ಸಮ್ಮ ಬಂದವಳು ಎಲ್ಲ ಕೇಳಿಸಿಕೊಂಡು ಕಾರ್ಡನ್ನು ಕಣ್ಣ ಹತ್ತಿರ ಹಿಡಿದಳು. "ಇದು ರುಜು ಅಲ್ಲ ಬುರುಡಣ್ಣ, ಮೀಸೆ," ಅಂದಳು. ನಗಲಿಲ್ಲ. ಪುಸ್ತಕ ತೆಗೆದು ನೋಡಿದಳು, ಮಗುವಿನ ಸಾಲು ಖಾಲಿ. "ನಿನ್ನೆ ಕಾರ್ಡ್ ನೋಡಿದೋಳು ಹೊಸಬಳು. ಪುಸ್ತಕಾನೇ ನೋಡ್ಬೇಕಿತ್ತು. ಕಾಯಿಲೆ ಮಗು ಜೊತೆ ಇದ್ದದ್ದು ಯಾವಾಗ? ಸರಿಯಾಗಿ ಹೇಳು, ಕತೆ ಬೇಡ."

"ಮಂಗಳವಾರ. ನಾಲ್ಕರ ಗಂಟೆ ಹೊಡೀತಿತ್ತು. ಅದಕ್ ಮುಂಚೆ ಆ ಮಗು ಊರಲ್ಲೇ ಇರ್ಲಿಲ್ಲ."

ಅವಳು ಗೋಡೆಯ ಗಡಿಯಾರ ನೋಡಿದಳು. "ಬುಧವಾರ ಅಲ್ಲ ಇವತ್ತು, ಸೂಜಿ ದಿನ ಅಲ್ಲ. ಸೀಸೆ ಬಿಚ್ಚಿದ್ರೆ ಐದು ಮಕ್ಕಳಿಗಾಗುತ್ತೆ, ಉಳಿದಿದ್ದು ಚೆಲ್ಬೇಕು." ಮಗಳ ಮುಖ ನೋಡಿದಳು. "ಚೆಲ್ಲಿದ್ರೆ ಚೆಲ್ಲಿಹೋಗ್ಲಿ. ಕೂತ್ಕೋ."

ಫ್ರಿಜ್ಜಿನಿಂದ ಬೆರಳುದ್ದದ ಸೀಸೆ ಬಂತು. ತಳದಲ್ಲಿ ಚಿಟಿಕೆ ಪುಡಿ. ನೀರು ಬೆರೆಸಿ ಅಲ್ಲಾಡಿಸಿದಳು. ಬುರುಡೆ ಬಾಗಿಲ ಕಡೆ ಮುಖ ಮಾಡಿದ.

"ಎಲ್ಲಿಗೆ?" ಅಂದಳು ಮಗಳು. "ಇಲ್ಲಿ ಬಾ. ನೀನೇ ಹಿಡ್ಕೋ ಅವಳನ್ನ."

ಹಿಡಿದುಕೊಂಡ. ಸೂಜಿ ತೋಳಿಗೆ ಹೋಯಿತು. ಮೆಣಸಿ ಉಸಿರು ಕಟ್ಟಿ ಕೆಂಪಾಗಿ ಕಿರುಚಿತು. ಆ ಕೆಂಪು ನೋಡಿ ಅವನು ಅವಳ ಕಿವಿ ಹಿಂದೆ ಕಣ್ಣು ಹಾಯಿಸಿದ.

"ತೊಡೆಗಲ್ವಾ?" ಅಂದಳು ಮಗಳು ಮೆಲ್ಲಗೆ.

"ಇದನ್ನ ನಾನು ಯಾವಾಗ್ಲೂ ತೋಳಿಗೇ ಹಾಕೋದು," ಅಂದಳು ನರ್ಸಮ್ಮ. ಮಗಳು ಕಣ್ಣು ಮುಚ್ಚಿಕೊಂಡಳು. ಅಪ್ಪ ಅಂಟಿಸಿದ್ದ ಪ್ಲಾಸ್ಟರನ್ನು ತೊಡೆಯಿಂದ ಮೆಲ್ಲಗೆ ಬಿಡಿಸಿ, ಅಲ್ಲೊಂದು ಮುತ್ತು ಕೊಟ್ಟಿದ್ದವಳು ಅವಳೇ.

"ಈಗ ಏನೂ ಆಗಲ್ಲ ತಾನೇ?" ಅಂದ ಬುರುಡೆ.

"ಹಾಗಂತ ಹೇಳೋಕಾಗಲ್ಲ. ತಡ ಆಗಿಲ್ಲ ಅಂತ ಮಾತ್ರ ಹೇಳಬಲ್ಲೆ. ಮೂರು ವಾರ ಬೇರೆ ಮಕ್ಕಳ ಹತ್ರ ಬಿಡ್ಬೇಡಿ. ಜ್ವರ, ಕೆಮ್ಮು, ಕಣ್ಣು ಕೆಂಪು, ಯಾವ್ದು ಕಂಡ್ರೂ ಓಡಿ ಬನ್ನಿ. ಕಿವಿ ಹಿಂದೆ ನೋಡ್ತಾ ಇರಿ. ಹ್ಞಾ, ಇನ್ನೂ ನಾಲ್ಕು ಮಕ್ಕಳದು ಸೀಸೆಯಲ್ಲಿದೆ, ಮಧ್ಯಾಹ್ನದವರೆಗೆ ಇರುತ್ತೆ. ನಿಮ್ಮ ಬೀದೀಲಿ ಬಾಕಿ ಇರೋರು ಯಾರು ಅಂತ ನಿಂಗೇ ಚೆನ್ನಾಗಿ ಗೊತ್ತಿರ್ಬೇಕಲ್ಲ."

ಗೊತ್ತಿತ್ತು. ಯಾರು ಯಾರು ಆ ಕತೆಗೆ ನಕ್ಕಿದ್ದರು ಅನ್ನುವುದು ಅವನಿಗೆ ಬಾಯಿಪಾಠ. ಮಧ್ಯಾಹ್ನದೊಳಗೆ ಒಂದೊಂದೇ ಬಾಗಿಲು ತಟ್ಟಿದ. ಕಾರ್ಡು ಬಿಚ್ಚಿ ತನ್ನ ಮೀಸೆಯನ್ನು ತಾನೇ ತೋರಿಸಿದ. ಇಬ್ಬರು ಬಂದರು. ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕು, ಇದು ಬಾಚಣಿಗೆ ಕತೆಗಿಂತ ಚೆನ್ನಾಗಿದೆ ಅಂದ.

ಆಮೇಲೆ ಕಾಯುವುದು.

ಮಗಳು ಕೆಲಸಕ್ಕೆ ರಜೆ ಹಾಕಿ ಪರದೆಯ ಹಿಂದೆ ಮಗುವಿನ ಜೊತೆ ಉಳಿದಳು. ಬುರುಡೆಯ ಜೊತೆ ಮಾತು ನಿಂತಿತು. ಏನಿದ್ದರೂ ಮಗುವಿನ ಮೂಲಕ. "ಅಜ್ಜನಿಗೆ ಹೇಳು ಮೆಣಸಿ, ಊಟ ಆರಿಹೋಗ್ತಿದೆ ಅಂತ." "ಅಜ್ಜನಿಗೆ ಹೇಳು, ಕೈ ತೊಳ್ಕೊಂಡು ಮುಟ್ಲಿ ಅಂತ." ಅವನು ದಿನಕ್ಕೆ ಮೂರು ಹೊತ್ತು ಅಂಗಡಿಯ ಕೈಗನ್ನಡಿ ತರುತ್ತಿದ್ದ, ಗಿರಾಕಿಗಳಿಗೆ ಹಿಂದಲೆ ತೋರಿಸುವ ಕನ್ನಡಿ. ಮೆಣಸಿ ತನ್ನ ಮುಖ ನೋಡಿಕೊಂಡು ನಗುವಷ್ಟರಲ್ಲಿ ಅವನು ಕಿವಿ ಮಡಚಿ ಹಿಂದೆ ನೋಡಿಬಿಡುತ್ತಿದ್ದ. ಸೊಳ್ಳೆ ಕಚ್ಚಿದ ಗುರುತು ಕಂಡರೂ ಮಗುವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದ. ಅಂಗಡಿಯಲ್ಲಿ ಕತ್ತರಿಯ ಕಚಕಚ ಬಿಟ್ಟರೆ ಸದ್ದಿಲ್ಲ. ಬುರುಡೆಗೆ ಹಲ್ಲುನೋವು ಅಂತ ಗಿರಾಕಿಗಳು ತೀರ್ಮಾನಿಸಿದರು.

ಒಂಬತ್ತನೇ ದಿನ ಮಗುವಿನ ಮೈ ಬೆಚ್ಚಗಾಯಿತು. ಎದೆಯ ಮೇಲೆ ಏಳು ಕೆಂಪು ಚುಕ್ಕೆ.

ಕೈಗನ್ನಡಿ ಬಿದ್ದು ಒಡೆಯಿತು. ಮಗಳು ಚೂರುಗಳ ಮೇಲೇ ದಾಟಿಕೊಂಡು ಓಡಿದಳು. ನರ್ಸಮ್ಮ ಬೆಳಕಿಗೆ ಹಿಡಿದು ನೋಡಿದಳು, ಕಣ್ಣರೆಪ್ಪೆ ಎಳೆದು ನೋಡಿದಳು, ಕೆನ್ನೆಯೊಳಗೆ ಟಾರ್ಚು ಬಿಟ್ಟು ನೋಡಿದಳು. "ಸೂಜಿಯಿಂದಾನೂ ಹೀಗೆ ಬರುತ್ತೆ. ಕಾಯಿಲೆಯಿಂದಾನೂ ಬರುತ್ತೆ. ಕೆಮ್ಮಿಲ್ಲ, ಕಣ್ಣು ಕೆಂಪಿಲ್ಲ. ದಿನಾ ತೋರ್ಸಿ, ಎರಡು ದಿನ ನೋಡೋಣ."

ಆ ಎರಡು ದಿನ ಬುರುಡೆ ಚುಕ್ಕೆ ಎಣಿಸಿದ. ಏಳು. ಏಳು. ಒಂಬತ್ತು. ಎಂಟನೆಯದು ಚುಕ್ಕೆಯೋ, ಅನ್ನದ ಅಗುಳು ಒತ್ತಿದ ಗುರುತೋ ಅಂತ ಎಂಜಲು ಹಚ್ಚಿ ಉಜ್ಜಿದ. ಮೇಲಿನ ಮನೆಯಲ್ಲಿ ಹೊಲಿಗೆ ಯಂತ್ರ ಇನ್ನೂ ಸುಮ್ಮನೇ ಇತ್ತು, ಆ ಮೌನ ಸೂರಿನಿಂದ ತಲೆಯ ಮೇಲೆ ಇಳಿಯುತ್ತಿತ್ತು. ಆಮೇಲೆ ಐದು. ಆಮೇಲೆ ಎರಡು. ಮೂರನೇ ಬೆಳಗ್ಗೆ ಮೆಣಸಿಯ ಎದೆ ಒಗೆದ ಬಟ್ಟೆಯ ಹಾಗಿತ್ತು. ಆದರೂ ಇನ್ನೂ ದಿನಗಳು ಬಾಕಿ ಇದ್ದವು, ಅವನು ಎಣಿಸುವುದನ್ನು ಬಿಡಲಿಲ್ಲ.

ಗುಂಡಿ ಆಸ್ಪತ್ರೆಯಿಂದ ಬಂದಳು. ಅರ್ಧ ಮಗು ಬಂದ ಹಾಗಿತ್ತು. ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಸರಿಹೋಗುತ್ತೋ ಇಲ್ಲವೋ, ನೋಡೋಣ ಅಂದಿದ್ದರಂತೆ ಡಾಕ್ಟರು. ಬುರುಡೆ ಮೇಲೆ ಹೋಗಿ, ಅವಳ ಜಡೆಗಟ್ಟಿದ ಕೂದಲನ್ನು ಒಂದೊಂದೇ ಎಳೆ ಬಿಡಿಸಿ ಕತ್ತರಿಸಿದ. ಟೈಲರಮ್ಮ ಗೋಡೆ ನೋಡುತ್ತಾ ಕೂತಿದ್ದಳು. ಗುಂಡಿ ಬಲಗಿವಿ ಅವನ ಕಡೆ ತಿರುಗಿಸಿ, ಕತೆ ಹೇಳು ಅಂದಳು. ಅವನು ಇನ್ನೊಂದು ಎಳೆ ಬಿಡಿಸತೊಡಗಿದ.

ಇಪ್ಪತ್ತೆರಡನೇ ದಿನ ಪರದೆ ಮೊದಲ ಸಲ ಪೂರ್ತಿ ಸರಿಯಿತು. ಕುರ್ಚಿಯಲ್ಲಿ ಅದೇ ಗೊತ್ತಿಲ್ಲದ ಗಿರಾಕಿ ಕೂತಿದ್ದ, ಭಾವಮೈದುನ ಕಣ್ಣಾರೆ ನೋಡಿದಾನೆ ಅಂದವನು. ಅರ್ಧ ಮುಖ ಬೋಳಿಸಿ ಆಗಿತ್ತು, ಇನ್ನರ್ಧ ನೊರೆ.

"ನಮ್ಮನೇಲೂ ಒಂಬತ್ತು ತಿಂಗಳಿನದೊಂದಿದೆ," ಅನ್ನುತ್ತಿದ್ದ ಅವನು. "ಬುಧವಾರ ಬನ್ನಿ ಅಂತ ಪ್ರಾಣ ತಿಂತಾರೆ. ಆ ಕತ್ತು ಸೊಟ್ಟ ಆಗಿದ್ ಕೇಳಿದ್ ಮೇಲೆ ಯಾರಪ್ಪ ಹೋಗ್ತಾರೆ?"

ಕತ್ತಿ ಗಲ್ಲದ ಮೇಲೆ ನಿಂತಿತು.

"ಆ ಕತೆ ನಂದು," ಅಂದ ಬುರುಡೆ. "ನಾನೇ ಕಟ್ಟಿದ್ದು. ಇದೇ ಕುರ್ಚಿ ಹತ್ರ ನಿಂತ್ಕೊಂಡು. ಅಂಥ ಮಗು ಇಲ್ಲ, ಅಂಥ ಕತ್ತೂ ಇಲ್ಲ."

ಗಿರಾಕಿ ಕನ್ನಡಿಯೊಳಗಿಂದ ಅವನನ್ನೇ ನೋಡಿ, ಹೋ ಅಂತ ನಕ್ಕ. "ಸರಿಯಾಗಿ ಇಟ್ಟಿದಾರೆ ನಿಂಗೆ ಹೆಸ್ರು! ನನ್ ಭಾವಮೈದುನ ಕಣ್ಣಾರೆ ನೋಡಿದಾನೆ ಅಂತೀನಿ, ನೀನು ಕಟ್ಟಿದ್ದು ಅಂತೀಯ. ಬಿಡಪ್ಪ ಬಿಡು, ಇದೂ ಒಂದು ಬುರುಡೆ."

ಬುರುಡೆ ಸುತ್ತ ನೋಡಿದ. ಮೊಳೆ ಖಾಲಿ, ಕಾರ್ಡು ಒಳಗಿತ್ತು.

"ಅಪ್ಪ ಹೇಳ್ತಿರೋದು ನಿಜ."

ಮಗಳು ಪರದೆಯ ಹತ್ತಿರ ನಿಂತಿದ್ದಳು, ಸೊಂಟದ ಮೇಲೆ ಮೆಣಸಿ. ಮೂರು ವಾರದಲ್ಲಿ ಮಗುವಿನ ಮೂಲಕ ಬಾರದ ಮೊದಲ ಮಾತು ಅದು. ಅವಳು ಅಪ್ಪನ ಕಡೆ ನೋಡಲಿಲ್ಲ. ಗಿರಾಕಿಯನ್ನೇ ನೋಡುತ್ತಾ, "ಮೇಲಿನ ಮನೇಲಿ ಒಂದು ಮಗು ಇದೆ, ಹೋಗಿ ನೋಡ್ಕೊಂಡ್ ಬನ್ನಿ. ಎಡಗಡೆಯಿಂದ ಕರೀರಿ," ಅಂದಳು.

ಗಿರಾಕಿಯ ನಗು ಬೋಳಿಸಿದ ಅರ್ಧ ಮುಖದಲ್ಲಿ ಮೊದಲು ಆರಿತು, ನೊರೆಯ ಕೆಳಗಿನದು ಆಮೇಲೆ. ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಅದರ ನಡುವೆ ಸಣ್ಣದೊಂದು ಕೆಮ್ಮು.

"ಬುಧವಾರ ಎಷ್ಟು ಗಂಟೆಗೆ?" ಅಂದ ಅವನು.

"ಒಂಬತ್ತಕ್ಕೆ," ಅಂದ ಬುರುಡೆ. ಉಳಿದರ್ಧ ಬೋಳಿಸಲು ಕತ್ತಿ ಎತ್ತಿದ. ಮೇಲೆ ಇನ್ನೊಮ್ಮೆ ಕೆಮ್ಮು ಕೇಳಿತು. ಮತ್ತೆ ಕೆಳಗಿಟ್ಟ.